ಯಾರೂ ನೋಡದ ಮನೆ

ಚೀಲದ ಬಾಯಿಂದ ಸಿಗಡಿಯ ಮೀಸೆಗಳು ಹೊರಗೆ ಚಾಚಿಕೊಂಡಿದ್ದವು. ನಿಶೀಥ ಅವನ್ನು ಒಳಗೆ ತುರುಕಿದ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಮತ್ತೆ ಹೊರಗೆ ಬಂದವು. ಅಂಗೈಯಿಂದ ಚೀಲದ ಬಾಯಿ ಮುಚ್ಚಿ ಹಿಡಿದ. ಅದರಿಂದ ಇನ್ನೂ ಕೆಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ.

ಮಾರ್ಕೆಟ್ಟಿನಿಂದ ಮನೆಗೆ ಬರುವ ದಾರಿಯಲ್ಲಿ ಅವನನ್ನು ಯಾರೂ ಮಾತಾಡಿಸುವ ವಾಡಿಕೆ ಇರಲಿಲ್ಲ. ಇವತ್ತು ಚಹಾದಂಗಡಿಯ ಬೆಂಚು ಮಾತಾಡಿಸಿತು.

"ಏನ್ ಮೇಷ್ಟ್ರೇ, ಭಾರಿ ಜೋರು?"

"ಏನಿಲ್ಲ. ಹೀಗೇ."

"ಹೀಗೇ ಅಂದ್ರೆ? ಸಿಗಡಿನಾ? ಇವತ್ತಾ?"

ಬೆಂಚಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ನಿಶೀಥನಿಗೆ ಸಮಾಧಾನವಾಗುತ್ತಿತ್ತು. ಒಬ್ಬ ಗಾಜಿನ ಲೋಟವನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

ನವಜೀವನ ಕಾಲೋನಿಯಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಫುಟ್‌ಬಾಲಿನಲ್ಲಿ ಮೇಘನಾ ಸಂಘ ಗೆದ್ದ ದಿನ ಮನೆಮನೆಯಲ್ಲಿ ಇಲಿಶ್ ಮೀನು. ಆ ಕಡೆಯ ಭಾಗೀರಥಿ ಕ್ಲಬ್ಬು ಗೆದ್ದರೆ ಅವರ ಬೀದಿಗಳಲ್ಲಿ ಸಿಗಡಿ. ದೇಶ ಇಬ್ಭಾಗವಾದಾಗ ಗಡಿಯಾಚೆ ಮನೆ, ಕೊಳ, ಮಾವಿನ ಮರ ಎಲ್ಲ ಬಿಟ್ಟು ಬಂದವರು ಕಟ್ಟಿಕೊಂಡ ಕಾಲೋನಿ ಇದು. ಹೋದದ್ದೆಲ್ಲ ಹೋಗಿತ್ತು, ಮೇಘನಾ ಸಂಘ ಉಳಿದಿತ್ತು. ಮಾರ್ಚ್ ತಿಂಗಳಲ್ಲಿ ಆಟಗಾರರು ಒಂದು ಕ್ಲಬ್ಬು ಬಿಟ್ಟು ಇನ್ನೊಂದಕ್ಕೆ ಸಹಿ ಹಾಕುವ ಅವಧಿಯಲ್ಲಂತೂ ಇಲ್ಲಿ ಸಿಗಡಿಯ ಹೆಸರೆತ್ತುವವರಿರಲಿಲ್ಲ. ಇವತ್ತು ಆ ಅವಧಿಯ ಕೊನೆಯ ದಿನ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ನಿಶೀಥ ತಾಲೂಕ್‌ದಾರನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ತನ್ನ ಚೀಲವನ್ನು ಯಾರಾದರೂ ನೋಡಿಯಾರು ಎಂಬುದು ಗೊತ್ತಿರಲಿಲ್ಲ.

ಬಾಗಿಲನ್ನು ಮೊದಲೇ ಮಾತಾಡಿಕೊಂಡ ಹಾಗೆ ಮೂರು ಸಲ ತಟ್ಟಿದ. ಹೆಂಡತಿ ಅಣಿಮಾ ಸರಪಳಿ ತೆಗೆದಳು. ಚೀಲ ನೋಡಿದಳು.

"ಇದೇನ್ರೀ?"

"ಮೇಲಿರೋ ಹುಡುಗ ಕೇಳಿದ. ಎರಡು ದಿನದಿಂದ ಒಂದು ತುತ್ತು ಸರಿಯಾಗಿ ತಿಂದಿಲ್ಲ."

"ನನ್ನನ್ನೂ ಕೇಳಿದ್ದ. ಇಲ್ಲಪ್ಪ, ಸಿಕ್ಕಲ್ಲ ಅಂದಿದ್ದೆ." ಅವಳು ದನಿ ತಗ್ಗಿಸಿದಳು. "ಈಗ ಇದು ಯಾರ ತಲೆಗೆ ಬರುತ್ತೆ ಗೊತ್ತಾ? ನನ್ನ ತಲೆಗೆ. ಆ ಕಡೆಯ ಹೆಣ್ಣು, ತವರಿನ ಬುದ್ಧಿ ಬಿಟ್ಟಿಲ್ಲ ಅಂತಾರೆ."

ಅಣಿಮಾ ಹಳೇ ಕಲ್ಕತ್ತೆಯವಳು. ಅವಳ ಅಣ್ಣಂದಿರೆಲ್ಲ ಭಾಗೀರಥಿಯವರು. ಮದುವೆಯಾಗಿ ಎಷ್ಟು ವರ್ಷವಾದರೂ ಕಾಲೋನಿ ಅವಳನ್ನು ಮನೆಗೆ ಬಂದ ನೆಂಟಳ ಹಾಗೆಯೇ ಮಾತಾಡಿಸುತ್ತಿತ್ತು: ಮರ್ಯಾದೆಯಿಂದ, ಆದರೆ ಯಾವಾಗ ಹೊರಡುತ್ತೀರಿ ಎಂಬ ಹಾಗೆ.

"ಯಾರೂ ನೋಡಿಲ್ಲ" ಎಂದ ನಿಶೀಥ.

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಚೀಲ ಇಸಿದುಕೊಂಡು ಅಡುಗೆಮನೆಗೆ ಹೋಗಿ ತೆಂಗಿನಕಾಯಿ ಒಡೆದಳು. ಆ ಸದ್ದಿಗೆ ನಿಶೀಥ ಬೆಚ್ಚಿಬಿದ್ದ. ಸಿಗಡಿ ಎಂದರೆ ತೆಂಗಿನ ಹಾಲು ಎಂದು ಆ ಸದ್ದೊಂದರಿಂದಲೇ ಪಕ್ಕದ ಮನೆಯವರು ತಿಳಿದುಕೊಂಡಾರು.

ಮಹಡಿಯ ಮೇಲಿದ್ದ ಒಂದೇ ಕೋಣೆಯಲ್ಲಿ ಖೋಕನ್ ಇದ್ದ. ಮೇಘನಾ ಸಂಘದ ಏಳನೇ ನಂಬರು. ಕಳೆದ ವರ್ಷ ಭಾಗೀರಥಿಯ ವಿರುದ್ಧ ಎರಡು ಗೋಲು ಹೊಡೆದವನು. ಅವನು ಭಾಗೀರಥಿಗೆ ಹೋಗುತ್ತಾನೆ ಎಂಬ ಸುದ್ದಿ ಹಬ್ಬಿದ ಮೇಲೆ ಕಾಲೋನಿಯಲ್ಲಿ ಎರಡು ದಿನ ಒಲೆ ಹತ್ತಲಿಲ್ಲ ಎನ್ನುವುದು ಉತ್ಪ್ರೇಕ್ಷೆ; ಉಪ್ಪು ಮಾತ್ರ ಎಲ್ಲರ ಅಡುಗೆಯಲ್ಲೂ ಹೆಚ್ಚು ಕಡಿಮೆಯಾಗಿತ್ತು. ಇವತ್ತು ಸಂಜೆ ಅಸೋಸಿಯೇಶನ್ ಆಫೀಸು ಮುಚ್ಚುವುದರೊಳಗೆ ಆಟಗಾರ ಖುದ್ದಾಗಿ ಹೋಗಿ ಸಹಿ ಹಾಕಬೇಕು; ಹಾಕಿದವರ ಹೆಸರು ರೇಡಿಯೋದಲ್ಲಿ ಬರುತ್ತದೆ. ಹಾಕದಿದ್ದರೆ ಇನ್ನೊಂದು ವರ್ಷ ಇದ್ದಲ್ಲೇ ಇರಬೇಕು. ಆದ್ದರಿಂದ ಅವನನ್ನು ಬಚ್ಚಿಟ್ಟಿದ್ದರು. ಮೊನ್ನೆ ನಸುಕಿನಲ್ಲಿ, ಹೆರಿಗೆಗೆ ಬಂದ ಬಸುರಿಯ ಹಾಗೆ ಸೀರೆ ಹೊದಿಸಿ, ರಿಕ್ಷಾದಲ್ಲಿ ತಂದು ಇಳಿಸಿದ್ದರು.

ತಂದವನು ಸಂಘದ ಸೆಕ್ರೆಟರಿ, ಮಿಠಾಯಿ ಅಂಗಡಿಯ ಘೋಂಟು ದಾ, ಊರಿಗೆಲ್ಲ ಅಣ್ಣ. ನಿಶೀಥನ ಎರಡೂ ಕೈ ಹಿಡಿದುಕೊಂಡು, "ಮೇಷ್ಟ್ರೇ, ನಮ್ಮ ಮಾನ ನಿಮ್ಮ ಕೈಲಿದೆ" ಎಂದಿದ್ದ. ಮೈದಾನದಲ್ಲಿ ಗೋಲಾದಾಗ ಎಲ್ಲರೂ ಎದ್ದ ಮೇಲೆ ನಿಶೀಥ ಏಳುತ್ತಿದ್ದ, ಎಲ್ಲರೂ ಕೂತ ಮೇಲೂ ನಿಂತಿರುತ್ತಿದ್ದ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಹಾಗೆ ಇದ್ದವನನ್ನು ಕೊನೆಗೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಹೊರಗೆ ಓಣಿಯಲ್ಲಿ ಘೋಂಟು ದಾ ಕಾವಲಿನವನಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸದೆ ಇದ್ದಿದ್ದರೆ ಚೆನ್ನಾಗಿತ್ತು.

"ಇದೇ ಸರಿಯಾದ ಮನೆ ಕಣೋ. ಯಾರ ತಲೆಗೂ ಹೊಳೆಯಲ್ಲ. ಆ ಮನುಷ್ಯ ಇದ್ದಾನೆ ಅನ್ನೋದೇ ಯಾರಿಗೂ ನೆನಪಿರಲ್ಲ."

ಎರಡು ದಿನದಿಂದ ಆ ಮಾತು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಬಿಟ್ಟಿತ್ತು. ಆದರೂ ಒಂದು ಆಸೆ. ಸಂಜೆಯವರೆಗೆ ಖೋಕನ್ ಇಲ್ಲೇ ಇದ್ದರೆ ನಿಶೀಥ ಈ ಕಾಲೋನಿಯವನಾಗುತ್ತಾನೆ. ನಾಳೆ ಬೆಂಚಿನಲ್ಲಿ ಜಾಗ ಬಿಡುತ್ತಾರೆ. ಇಲ್ಲದಿದ್ದರೆ ಏನು ಎಂದು ಯೋಚಿಸಲು ಅವನಿಗೆ ಭಯವಾಗಿತ್ತು.

ಖೋಕನ್ ನೆಲದ ಮೇಲೆ ಕೂತು ಉಂಡ. ಸಿಗಡಿಯ ತಲೆಯನ್ನು ಕಚ್ಚಿ ಹೀರಿದ. ನಿಶೀಥನೂ ಎದುರಿಗೆ ಕೂತು ಒಂದೆರಡು ಬಿಡಿಸಿ ತಿಂದ. ರುಚಿಯಾಗಿತ್ತು. ಅದಕ್ಕೂ ಹೆದರಿಕೆಯಾಯಿತು.

"ಮೇಷ್ಟ್ರೇ, ನೀವು ಕಾಲೇಜಿಗೆ ಹೋಗುವಾಗ ಯಾರಾದ್ರೂ ತಡೀತಾರಾ?"

"ಯಾಕೆ ತಡೀಬೇಕು?"

"ನನ್ನನ್ನ ತಡೀತಾರೆ. ಕ್ಷೌರಕ್ಕೆ ಕೂತ್ರೆ ಸುತ್ತ ಜನ. ಅಕ್ಕನಿಗೆ ಗಂಡು ನೋಡೋಕೆ ಹೋದ್ರೆ ಅಲ್ಲೂ ಜನ. ಗೋಲು ಹೊಡೆದ್ರೆ ಹೆಗಲ ಮೇಲೆ. ತಪ್ಪಿದ್ರೆ ಅಮ್ಮನ ಬಾಗಿಲಿಗೆ ಸಗಣಿ. ಮಾರನೇ ದಿನ ಅವರೇ ಬಂದು ತೊಳೀತಾರೆ. ನಮ್ಮವನು ನಮ್ಮವನು ಅಂತ ಅಳ್ತಾರೆ."

"ಭಾಗೀರಥಿಲಿ ಮಾತ್ರ ಬೇರೆಯಾ?"

"ಅಲ್ಲೂ ಹೀಗೇ." ಅವನು ಬೆರಳು ನೆಕ್ಕಿದ. "ಆದ್ರೆ ಅವರು ನನ್ನೋರಲ್ಲ. ಬೈದ್ರೆ ತಾಗಲ್ಲ."

ನಿಶೀಥ ಇನ್ನೊಂದು ಸಿಗಡಿ ಬಿಡಿಸಿದ. ತರಗತಿಯಲ್ಲಿ ಇಂಥ ವಾದಕ್ಕೆ ಅವನ ಬಳಿ ಯಾವಾಗಲೂ ಎರಡು ಉತ್ತರಗಳಿರುತ್ತಿದ್ದವು.

"ನಿಮ್ಮದೊಂದು ಪಂಚೆ, ಜುಬ್ಬ ಕೊಡ್ತೀರಾ?" ಎಂದ ಖೋಕನ್, ನೀರು ಕೇಳಿದಷ್ಟು ಸಲೀಸಾಗಿ. "ಛತ್ರಿನೂ."

ನಿಶೀಥನಿಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ತಟ್ಟೆ ನೋಡಿದ.

"ಎರಡು ದಿನದಿಂದ ಪರದೆ ಸಂದಿಲಿ ನೋಡ್ತಿದೀನಿ ಮೇಷ್ಟ್ರೇ. ನೀವು ಹೋಗ್ತೀರಿ, ಬರ್ತೀರಿ. ಮೂಲೇಲಿ ಮಲಗಿರೋ ನಾಯಿನೂ ತಲೆ ಎತ್ತಲ್ಲ. ಎಂಥಾ ಪುಣ್ಯವಂತರು."

ತಮಾಷೆ ಮಾಡುತ್ತಿದ್ದಾನೆಯೇ ಎಂದು ನಿಶೀಥ ಮುಖ ಎತ್ತಿ ನೋಡಿದ. ಇಲ್ಲ. ಹುಡುಗನ ಕಣ್ಣಲ್ಲಿ ನಿಜವಾದ ಹೊಟ್ಟೆಕಿಚ್ಚು ಇತ್ತು.

"ಇವತ್ತು ನೋಡಿದರು" ಎಂದ ನಿಶೀಥ. ದನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಬೆಳಿಗ್ಗೆ ಬೆಂಚಿನವರೆಲ್ಲ ನೋಡಿದರು."

"ಚೀಲ ನೋಡಿದ್ರು ಮೇಷ್ಟ್ರೇ. ನಿಮ್ಮನ್ನಲ್ಲ."

ಅವನು ಬೇಡ ಅನ್ನಬಹುದಿತ್ತು. ಕೆಳಗೆ ಹೋಗಿ ಚಿಲಕ ಹಾಕಬಹುದಿತ್ತು. ಕಿಟಕಿಯಿಂದ ಕಾವಲಿನವರನ್ನು ಕೂಗಬಹುದಿತ್ತು. ಪ್ರತಿಯೊಬ್ಬ ಮನುಷ್ಯನೂ ತನ್ನ ಆಯ್ಕೆಗೆ ಸ್ವತಂತ್ರ ಎಂಬ ವಾಕ್ಯ ಮನಸ್ಸಿಗೆ ಬಂತು. ಒಳ್ಳೆಯ ವಾಕ್ಯ. ತಾನು ಅದಕ್ಕಾಗಿ ಬೀರುವಿನ ಬಾಗಿಲು ತೆರೆಯುತ್ತಿಲ್ಲ ಎಂದು ತೆರೆಯುವಾಗಲೇ ಅವನಿಗೆ ಗೊತ್ತಿತ್ತು. ನಮ್ಮ ಮಾನ ನಿಮ್ಮ ಕೈಲಿದೆ ಎಂದಿದ್ದರಲ್ಲ. ಆ ಕೈ ಏನು ಮಾಡಬಲ್ಲದು ಎಂದು ಯಾರಿಗಾದರೂ ತಿಳಿಯಲಿ.

ಖೋಕನ್‌ಗೆ ಪಂಚೆ ಉಡಲು ಬರುತ್ತಿರಲಿಲ್ಲ. ನಿಶೀಥನೇ ಮಂಡಿಯೂರಿ ನೆರಿಗೆ ಹಿಡಿದು ಸಿಕ್ಕಿಸಿದ. ತನ್ನ ಹಳೆಯ ಕನ್ನಡಕ ಕೊಟ್ಟ. ಛತ್ರಿ ಕೊಟ್ಟ.

"ನಡಿ ನೋಡೋಣ."

ಖೋಕನ್ ಕೋಣೆಯ ಉದ್ದಕ್ಕೂ ನಡೆದ. ಆಟಗಾರನ ನಡಿಗೆ. ಮುಂಗಾಲ ಮೇಲೆ ಭಾರ, ಎದೆ ಮುಂದೆ.

"ಹಾಗಲ್ಲ. ಹೆಗಲು ಇಳಿಸು."

"ಹೀಗಾ?"

"ಇನ್ನೂ ಇಳಿಸು. ಎದುರಿಗೆ ಬರುವವರನ್ನ ನೋಡಬಾರದು. ಯಾರೋ ಕರೀತಾರೆ ಅನ್ನಿಸಬೇಕು, ತಿರುಗಬಾರದು."

ಹುಡುಗ ಬೇಗ ಕಲಿಯುವವನು. ಮೂರನೆಯ ಸಲಕ್ಕೆ ಕೋಣೆಯಲ್ಲಿ ನಿಶೀಥ ತಾಲೂಕ್‌ದಾರನೇ ನಡೆದುಹೋದ. ತಲೆ ತಗ್ಗಿಸಿಕೊಂಡು, ಗೋಡೆಗೆ ಒತ್ತಿಕೊಂಡು, ಅಲ್ಲಿರುವುದಕ್ಕೆ ಕ್ಷಮೆ ಕೇಳುತ್ತಿರುವವನ ಹಾಗೆ. ನಿಶೀಥ ತನ್ನ ನಡಿಗೆಯನ್ನು ಹಿಂದೆಂದೂ ನೋಡಿರಲಿಲ್ಲ. ನೋಡಬಾರದಿತ್ತು ಅನ್ನಿಸಿತು.

ತಟ್ಟೆ ಒಯ್ಯಲು ಬಂದ ಅಣಿಮಾ ಬಾಗಿಲಲ್ಲೇ ನಿಂತು ಜೋರಾಗಿ ನಕ್ಕುಬಿಟ್ಟಳು. "ಅಯ್ಯೋ, ಥೇಟ್ ನೀವೇ ಕಣ್ರೀ!" ಎಂದಳು. ಮರುಕ್ಷಣ ಗಂಡನ ಮುಖ ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಪಂಚೆ ಯಾಕೆ, ಛತ್ರಿ ಯಾಕೆ ಎಂದು ಅವಳಿಗೆ ಹೊಳೆಯಿತು.

"ಏನ್ ಮಾಡ್ತಿದೀರಿ ನೀವು?" ಎಂದು ಕೇಳಿದಳು, ಬಹಳ ಮೆಲ್ಲಗೆ.

"ಏನಿಲ್ಲ" ಎಂದ ನಿಶೀಥ.

ಖೋಕನ್ ಬಗ್ಗಿ ಅವಳ ಪಾದ ಮುಟ್ಟಿದ. "ಅತ್ತಿಗೆ, ಇಂಥಾ ಸಿಗಡಿ ನಾನು ತಿಂದಿರಲಿಲ್ಲ" ಎಂದು ಹೇಳಿ ಮೆಟ್ಟಿಲಿಳಿದ.

ಪರದೆಯ ಸಂದಿಯಿಂದ ನಿಶೀಥ ನೋಡುತ್ತ ನಿಂತ. ಮನೆಯಿಂದ ತಾನೇ ಹೊರಬಿದ್ದ ಹಾಗಿತ್ತು. ಓಣಿಯಲ್ಲಿ ಗೋಡೆಯ ಪಕ್ಕ ತಾನೇ ನಡೆದ ಹಾಗಿತ್ತು. ಮೂಲೆಯಲ್ಲಿ ಕಾವಲಿನವರಿಬ್ಬರು ಕಾಲು ಚಾಚಿ ಇಸ್ಪೀಟು ಆಡುತ್ತಿದ್ದರು. ಛತ್ರಿ ಹತ್ತಿರ ಬಂದಾಗ ಒಬ್ಬ ಎಲೆಗಳಿಂದ ಕಣ್ಣೆತ್ತದೆ ಕಾಲು ಮಡಚಿಕೊಂಡ. ಛತ್ರಿ ದಾಟಿದ ಮೇಲೆ ಮತ್ತೆ ಚಾಚಿದ. ನಾಯಿ ತಲೆ ಎತ್ತಲಿಲ್ಲ.

ಯಾರೂ ಹಿಡಿಯಲಿಲ್ಲ. ಹಿಡಿಯಲಿ ಎಂದು ತಾನು ಅಷ್ಟೊಂದು ಬಯಸಿದ್ದೆ ಎಂದು ಆಗ ಅವನಿಗೆ ತಿಳಿಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಿಗಡಿ ತನ್ನ ಕೆಲಸ ಮಾಡಿ ಮುಗಿಸಿತ್ತು. ಬೆಂಚಿನಿಂದ ಸೆಲೂನಿಗೆ, ಸೆಲೂನಿನಿಂದ ಕೊಳಾಯಿಗೆ ಸುದ್ದಿ ನಡೆದಿತ್ತು. ಮೇಷ್ಟ್ರ ಮನೆಯಲ್ಲಿ ಸಿಗಡಿ. ಮೇಷ್ಟ್ರ ಹೆಂಡತಿ ಯಾರ ಕಡೆಯವಳು? ಅಂದ ಮೇಲೆ ಮಹಡಿಯಲ್ಲಿ ಯಾರಿದ್ದಾರೆ? ಐದಾರು ಜನಕ್ಕೆ ಗೊತ್ತಿದ್ದ ಗುಟ್ಟು ಮುನ್ನೂರು ಜನಕ್ಕೆ ಗೊತ್ತಾಯಿತು. ಖೋಕನ್ ಸಿಗಡಿ ತಿಂದ ಎಂದರೆ ಖೋಕನ್ ಆ ಕಡೆಗೆ ಹೋದ ಎಂದೇ ಅರ್ಥ. ನಿಶೀಥನ ಶಾಸ್ತ್ರದ ಪ್ರಕಾರ ಇದು ತಪ್ಪು ತರ್ಕ. ಉತ್ತರ ಮಾತ್ರ ಸರಿಯಾಗಿತ್ತು.

ಮೊದಲು ದೂರದಿಂದ ಹರಿಬೋಲ್ ಎಂಬ ಕೂಗು ಬಂತು. ಯಾರದೋ ಶವಯಾತ್ರೆ ಎಂದುಕೊಂಡ. ಓಣಿಯ ತಿರುವಿನಲ್ಲಿ ಬಿದಿರಿನ ಚಟ್ಟ ಕಾಣಿಸಿತು. ಅದರ ಮೇಲೆ ಹುಲ್ಲಿನ ಮನುಷ್ಯ, ಕೊರಳಲ್ಲಿ ಚೆಂಡುಹೂವು, ತಲೆಗೆ ಮಡಕೆ. ಹುಲ್ಲಿನ ಹೊಟ್ಟೆಯ ಮೇಲೆ ಕಪ್ಪು ಬಣ್ಣದಲ್ಲಿ ಏಳು ಎಂದು ಬರೆದ ರಟ್ಟು. ಹಿಂದೆ ಓಣಿಯೇ ತುಂಬುವಷ್ಟು ಜನ. ಅವರಲ್ಲಿ ಕೆಲವರು ನಿಜವಾಗಿಯೂ ಅಳುತ್ತಿದ್ದರು.

ಬಾಗಿಲು ಬಡಿದ ಸದ್ದು. ನಿಶೀಥ ಕೆಳಗೆ ಹೋಗಿ ಸರಪಳಿ ತೆಗೆಯದೆ ಬಾಗಿಲನ್ನು ಬೆರಳಗಲ ತೆರೆದ. ಘೋಂಟು ದಾ ಒಬ್ಬನೇ ಮೆಟ್ಟಿಲ ಮೇಲಿದ್ದ. ಅವನ ಜುಬ್ಬದ ತೋಳು ಹರಿದಿತ್ತು.

"ಮೇಷ್ಟ್ರೇ, ಇದಾನೆ ತಾನೆ?"

"ಇದಾನೆ."

"ಸಿಗಡಿ ಯಾಕೆ ತಂದ್ರಿ?"

"ಅವನಿಗೆ ಹೊಟ್ಟೆ ಸರಿಯಿರಲಿಲ್ಲ."

"ಹೊಟ್ಟೆ ಸರಿ ಇಲ್ದೋನಿಗೆ ಸಿಗಡಿನಾ?"

ನಿಶೀಥ ಬಾಗಿಲನ್ನು ಇನ್ನಷ್ಟು ಒತ್ತಿ ಹಿಡಿದ.

"ಇರ್ಲಿ ಬಿಡಿ." ಘೋಂಟು ದಾ ಹಿಂದೆ ತಿರುಗಿ ನೋಡಿ ಬಾಯಿಯನ್ನು ಬಾಗಿಲ ಸಂದಿಗೆ ತಂದ. ಅವನ ಉಸಿರು ಬಿಸಿಯಾಗಿತ್ತು. "ನಾನು ನಿಮ್ಮನ್ನ ನಂಬ್ತೀನಿ. ಇವರು ನಂಬ್ತಿಲ್ಲ. ಒಳಗೆ ನುಗ್ತೀವಿ ಅಂತಿದಾರೆ. ಮನೇಲಿ ಹೆಣ್ಣುಮಗಳಿದಾಳೆ ಅಂತ ತಡೆದಿದೀನಿ. ಒಂದು ಕೆಲಸ ಮಾಡಿ. ಕಿಟಕಿ ಹತ್ರ ಬಂದು ಒಂದ್ಸಲ ಕೈ ಎತ್ತಲಿ. ಮುಖ ತೋರಿಸೋಕೆ ನಾಚಿಕೆ ಆದ್ರೆ ಬೆನ್ನಾದ್ರೂ ತೋರಿಸ್ಲಿ. ನಂಬರ್ ಕಂಡ್ರೆ ಸಾಕು ಇವರಿಗೆ."

"ಹೇಳ್ತೀನಿ."

"ಬೇಗ, ಮೇಷ್ಟ್ರೇ. ನನ್ನ ಕೈ ಮೀರ್ತಾ ಇದೆ."

ಒಳಗೆ ಅಣಿಮಾ ಒಂದು ಚೀಲಕ್ಕೆ ಸೀರೆ ತುಂಬಿಕೊಂಡು ಹಿಂಬಾಗಿಲ ಬಳಿ ನಿಂತಿದ್ದಳು. ಹಿಂದೆ ಕೊಳ, ಕೊಳದ ದಂಡೆಯ ಮೇಲೆ ಕಾಲುದಾರಿ, ಅದರಾಚೆ ರೈಲು ನಿಲ್ದಾಣ.

"ಅಣ್ಣನ ಮನೆಗೆ ಹೋಗೋಣ ನಡೀರಿ. ಇವತ್ತೊಂದಿನ."

"ಅಲ್ಲಿ ನಾನು ಯಾರು?"

"ಇಲ್ಲಿ ಯಾರು?" ಎಂದುಬಿಟ್ಟಳು. ಅವಳ ಕಣ್ಣು ತುಂಬಿತು. "ನಿಮ್ಮ ದಮ್ಮಯ್ಯ. ಬರ್ತೀರಾ ಇಲ್ವಾ?"

"ಬರ್ತೀನಿ. ನೀನು ನಡೀತಿರು."

ಅವಳಿಗೆ ಅದು ಸುಳ್ಳೆಂದು ಗೊತ್ತಾಯಿತು. ಆದರೂ ಸ್ವಲ್ಪ ಹೊತ್ತು ಕಾದಳು. ಮುಂಬಾಗಿಲಿಗೆ ಕಲ್ಲೊಂದು ಬಂದು ಬಿದ್ದ ಮೇಲೆ ಕಾಯಲಿಲ್ಲ, ಕೊಳದ ದಾರಿ ಹಿಡಿದಳು.

ಮಹಡಿಯಲ್ಲಿ ಮಂಚದ ಮೇಲೆ ಖೋಕನ್ ಬಿಚ್ಚಿಟ್ಟ ಜೆರ್ಸಿ ಬಿದ್ದಿತ್ತು. ಕಿತ್ತಳೆ ಬಣ್ಣ, ಬೆನ್ನಿನ ಮೇಲೆ ಕಪ್ಪು ಏಳು. ಎರಡು ದಿನ ಮೈಮೇಲೆ ಇದ್ದು ಬೆವರು ನಾರುತ್ತಿತ್ತು. ನಿಶೀಥ ಅದನ್ನು ತಲೆಯ ಮೇಲಿಂದ ಎಳೆದುಕೊಂಡ. ತೋಳಲ್ಲಿ ಬಿಗಿಯಾಯಿತು, ಹೊಟ್ಟೆಯ ಹತ್ತಿರ ಸಿಕ್ಕಿಕೊಂಡಿತು. ಕನ್ನಡಕ ತೆಗೆದು ಜೇಬಿಗೆ ಹಾಕಲು ಹೋದ, ಜೆರ್ಸಿಗೆ ಜೇಬಿರಲಿಲ್ಲ. ಮತ್ತೆ ಹಾಕಿಕೊಂಡ.

ಕಿಟಕಿಗೆ ಬೆನ್ನು ಮಾಡಿ ನಿಂತು, ಕೈಯನ್ನು ಹಿಂದೆ ಚಾಚಿ ಪರದೆ ಸರಿಸಿದ.

ಒಂದು ಕ್ಷಣ ಏನೂ ಇಲ್ಲ. ಹರಿಬೋಲ್ ಕೂಗು ಅರ್ಧಕ್ಕೇ ನಿಂತಿತು. ಆಮೇಲೆ ಬಂದ ಗರ್ಜನೆಗೆ ಕಿಟಕಿಯ ಸರಳುಗಳು ಅದುರಿದವು.

"ಖೋಕನ್! ಖೋಕನ್!"

ನಿಶೀಥ ಬಲಗೈ ಎತ್ತಿದ. ಗರ್ಜನೆ ದುಪ್ಪಟ್ಟಾಯಿತು. ಅದು ಬೆನ್ನಿಗೆ ತಾಗಿ, ಎಲುಬಿನೊಳಗೆ ಇಳಿದು, ಎದೆಯನ್ನು ಮುಂದಕ್ಕೆ ತಳ್ಳಿತು. ಅವನ ಕಣ್ಣಲ್ಲಿ ನೀರು ಬಂತು. ಸುಖದಿಂದ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಎತ್ತಿದ ಕೈಯಿಂದ ಸಿಗಡಿಯ ವಾಸನೆ ಬರುತ್ತಿತ್ತು.

ಎದುರಿಗೆ ತೆರೆದೇ ಇದ್ದ ಬೀರುವಿನ ಬಾಗಿಲಿನ ಕನ್ನಡಿಯಲ್ಲಿ, ಅವನ ಹೆಗಲಿನಾಚೆ, ಇಡೀ ಓಣಿ ಚಿಕ್ಕದಾಗಿ ಕಾಣುತ್ತಿತ್ತು. ಚಟ್ಟವನ್ನು ಕೆಳಗಿಳಿಸಿದ್ದರು. ಹುಲ್ಲಿನ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸಿ, ಅವನ ಕೊರಳಿನ ಹಾರವನ್ನು ಕಿತ್ತು ಮೇಲಕ್ಕೆಸೆದು, ಅವನ ಎರಡೂ ಕೈ ಹಿಡಿದುಕೊಂಡು ಕುಣಿಯುತ್ತಿದ್ದರು. ಮಡಕೆಯ ತಲೆ ಅತ್ತಿತ್ತ ಓಲಾಡುತ್ತಿತ್ತು. ಘೋಂಟು ದಾ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅಳುತ್ತಿದ್ದ.

ಗುಂಪಿನ ಹಿಂದೆ, ಚಹಾದಂಗಡಿಯ ಬೆಂಚಿನ ಮೇಲೆ, ಒಬ್ಬ ಮಾತ್ರ ಕುಣಿಯುತ್ತಿರಲಿಲ್ಲ. ಅವನು ಕಿವಿಗೆ ಒಂದು ಟ್ರಾನ್ಸಿಸ್ಟರು ಒತ್ತಿಕೊಂಡಿದ್ದ. ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡಿದ್ದ. ಅವನು ಬೆರಳು ತೆಗೆದು, ಪಕ್ಕದವನ ಭುಜ ತಟ್ಟಿ, ಸುಮ್ಮನಿರುವಂತೆ ಸನ್ನೆ ಮಾಡಿದ. ಪಕ್ಕದವನು ಕುಣಿಯುವುದನ್ನು ನಿಲ್ಲಿಸಿದ. ಅವನ ಮುಂದಿನವನೂ ನಿಲ್ಲಿಸಿದ. ಮೌನ ಹಿಂದಿನಿಂದ ಒಂದೊಂದೇ ಸಾಲು ದಾಟಿ ಮನೆಯ ಕಡೆಗೆ ಬರತೊಡಗಿತು. ಮುಂದಿದ್ದವರು ಇನ್ನೂ ಖೋಕನ್, ಖೋಕನ್ ಎನ್ನುತ್ತಿದ್ದರು.

ನಿಶೀಥನ ತೋಳು ನೋಯುತ್ತಿತ್ತು. ಅವನು ಕೈಯನ್ನು ಇನ್ನಷ್ಟು ಮೇಲಕ್ಕೆತ್ತಿದ.